ಬೇಟೆಯೂ ಬೇಟೆಯ ವಿರೋಧವೂ: ಎರೆಭೂತದಿಂದ ತಿಮಿಂಗಿಲದವರೆಗೆ

ಕಾಳಿದಾಸ ಮಹಾಕವಿಯ ಶಾಕುಂತಲ ನಾಟಕವು ಬೇಟೆಯೊಂದರಿಂದ ಮೊದಲಾಗುತ್ತದೆ. ದುಷ್ಯಂತ ಮಹಾರಾಜನು ರಥವನ್ನೇರಿ ಜಿಂಕೆಯೊಂದನ್ನು ಬೆನ್ನಟ್ಟಿ ಬರುತ್ತಾನೆ. ಬಾಣವು ಇನ್ನೇನು ಬಿಲ್ಲಿನಿಂದ ಚಿಮ್ಮಬೇಕು, ಅಷ್ಟರಲ್ಲಿ ತಾಪಸರು ನಡುವೆ ಬಂದು, ಇದು ಆಶ್ರಮದ ಮೃಗ, ಇದನ್ನು ಕೊಲ್ಲಲಾಗದು ಎಂದು ತಡೆಯುತ್ತಾರೆ. ಅರಸನು ಬಾಣವನ್ನು ಹಿಂತೆಗೆದುಕೊಳ್ಳುತ್ತಾನೆ; ತಾಪಸರು ಆತನಿಗೆ ಚಕ್ರವರ್ತಿಯಾಗುವ ಮಗನಾಗಲೆಂದು ಹರಸುತ್ತಾರೆ.

ಈ ಪ್ರಸಂಗವನ್ನು ನಾನು ಅನೇಕ ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಕೆಲವು ತಿಂಗಳ ಹಿಂದೆ ಇದನ್ನು ಹೇಳಿ ಮುಗಿಸಿದಾಗ, ಸಿರುಗುಪ್ಪದ ಕಡೆಯ ಹಳ್ಳಿಯಿಂದ ಬಂದು ನಮ್ಮ ವಸತಿನಿಲಯದಲ್ಲಿರುವ ಹುಡುಗನೊಬ್ಬನು ಎದ್ದುನಿಂತು, “ಗುರುಗಳೇ, ಆ ಋಷಿಗಳಿಗೆ ಹೊಲ ಇತ್ತೇನ್ರಿ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವನ ತಂದೆಯ ಕಡಲೆಯ ಪೈರನ್ನು ಕೃಷ್ಣಮೃಗಗಳ ಹಿಂಡು ಎರಡೇ ದಿನಗಳಲ್ಲಿ ಮೇಯ್ದುಹೋಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಅಂದು ಅವನಿಗೆ ನಾನು ಸರಿಯಾದ ಉತ್ತರವನ್ನು ಕೊಡಲಿಲ್ಲ. ಈ ಸಂಚಿಕೆಯ ಸಂಪಾದಕರು ಲೇಖನವೊಂದನ್ನು ಕೇಳಿದಾಗ ಆ ಋಣವನ್ನು ತೀರಿಸಿಕೊಳ್ಳಲು ಇದೇ ಸಮಯವೆನಿಸಿತು.

ಬೇಟೆಯ ವಿಷಯದಲ್ಲಿ ನಮ್ಮ ಪ್ರಾಚೀನರು ಏಕಾಭಿಪ್ರಾಯವುಳ್ಳವರಾಗಿರಲಿಲ್ಲ. ಅದೇ ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯಿಂದ ದೇಹಕ್ಕಾಗುವ ಪ್ರಯೋಜನಗಳನ್ನು ಹೊಗಳುತ್ತಾನೆ; ವಿದೂಷಕನು ಅದರ ದಣಿವನ್ನು ಹಳಿಯುತ್ತಾನೆ. ಧರ್ಮಶಾಸ್ತ್ರಕಾರರು ಬೇಟೆಯನ್ನು ಅರಸರ ವ್ಯಸನಗಳಲ್ಲಿ ಎಣಿಸಿದರು. ಆದರೂ ಅರಸರು ಅದನ್ನು ಬಿಡಲಿಲ್ಲ, ಕವಿಗಳು ವರ್ಣಿಸದೆ ಇರಲಿಲ್ಲ. ನಮ್ಮ ನೆರೆಯ ಹಂಪೆಯ ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಅರಸನ ಕಷ್ಟಪರಂಪರೆಗೆ ದಾರಿಯಾಗುವುದು ಬೇಟೆಯೇ. ದಶರಥನಿಗೂ ಪಾಂಡುರಾಜನಿಗೂ ಶಾಪ ತಟ್ಟಿದುದು ಬೇಟೆಯಲ್ಲಿಯೇ. ಹೀಗೆ ಹೊಗಳಿಕೆ ತೆಗಳಿಕೆಗಳೆರಡೂ ನಮ್ಮ ಸಾಹಿತ್ಯದಲ್ಲಿ ಒಟ್ಟೊಟ್ಟಿಗೆ ನಡೆದುಬಂದಿವೆ.

ಇನ್ನು ನಮ್ಮ ನೆಲದ ಮಾತಿಗೆ ಬರೋಣ. ಬಳ್ಳಾರಿಯಿಂದ ಉತ್ತರಕ್ಕೆ, ಕುರುಗೋಡಿನ ಬಂಡೆಗುಡ್ಡಗಳನ್ನು ದಾಟಿ ಸಿರುಗುಪ್ಪದತ್ತ ಸಾಗಿದರೆ ಕರಿಯ ಎರೆಯ ಬಯಲು ತೆರೆದುಕೊಳ್ಳುತ್ತದೆ. ಈ ಬಯಲಿನ ಹಕ್ಕಿಯೇ ಎರೆಭೂತ. ಎರೆಯೆಂದರೆ ಕಪ್ಪು ಮಣ್ಣು. ಬಿಸಿಲ್ಗುದುರೆಯ ನಡುವೆ ಆಳೆತ್ತರದ ಆಕಾರವೊಂದು ಥಟ್ಟನೆ ಎದ್ದುನಿಂತಂತೆ ಕಾಣುವುದರಿಂದ ಭೂತವೆಂಬ ಹೆಸರು ಬಂದಿರಬೇಕು. ದೊರವಾಯನ ಹಕ್ಕಿಯೆಂದೂ ಇದನ್ನು ಕರೆಯುವುದುಂಟು. ಹೆಬ್ಬಕವೆಂಬುದು ಗ್ರಂಥಗಳಲ್ಲಿ ಬಳಕೆಯಾಗಿರುವ ಹೆಸರು. ಹಿರಿದಾದ ಬಕವೆಂದು ಅದರ ಅರ್ಥ. ಸುಮಾರು ಒಂದು ಮೀಟರು ಎತ್ತರದ ಈ ಹಕ್ಕಿಯ ಗಂಡು ೧೫ ಕಿಲೋಗ್ರಾಂವರೆಗೂ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಇದು ಅತ್ಯಂತ ಭಾರದವುಗಳಲ್ಲೊಂದು. ಮರದಲ್ಲಿ ಗೂಡು ಕಟ್ಟದೆ ಬರಿನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆಯನ್ನಿಟ್ಟು, ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಮಿಡತೆ ಮೊದಲಾದ ಹುಳುಗಳನ್ನು ಬಹಳವಾಗಿ ತಿನ್ನುವುದರಿಂದ ರೈತನಿಗೆ ಇದು ಮಿತ್ರನೇ ಹೊರತು ಶತ್ರುವಲ್ಲ.

ರಾಷ್ಟ್ರಪಕ್ಷಿಯನ್ನು ಆರಿಸುವ ಚರ್ಚೆ ನಡೆದಾಗ ಪಕ್ಷಿತಜ್ಞರಾದ ಡಾ. ಸಲೀಂ ಅಲಿಯವರು ಸೂಚಿಸಿದುದು ಈ ಹಕ್ಕಿಯನ್ನೇ. ಆದರೆ ೧೯೬೩ರಲ್ಲಿ ಆ ಗೌರವವು ನವಿಲಿಗೆ ಸಂದಿತು. ಇಂದು ಇಡೀ ಭಾರತದಲ್ಲಿ ಉಳಿದಿರುವ ಹೆಬ್ಬಕಗಳು ೧೫೦ಕ್ಕೂ ಕಡಿಮೆಯೆಂದು ತಜ್ಞರ ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಈ ಶತಮಾನದಲ್ಲಿ ಪಕ್ಷಿಪ್ರಿಯರಿಗೆ ಇವು ಮುಖ್ಯವಾಗಿ ಕಾಣಸಿಕ್ಕಿರುವುದು ಸಿರುಗುಪ್ಪದ ಎರೆಹೊಲಗಳಲ್ಲಿ. ಅದೂ ಕೈಬೆರಳುಗಳಲ್ಲಿ ಎಣಿಸಬಹುದಾದಷ್ಟು.

ಈ ಕ್ಷಯಕ್ಕೆ ಮೊದಲ ಕಾರಣ ಬೇಟೆ. ಅಂದಿನ ಅಹಮದ್‌ನಗರ ಜಿಲ್ಲೆಯಲ್ಲಿ ಒಬ್ಬನೇ ಬ್ರಿಟಿಷ್ ಬೇಟೆಗಾರನು ೧೮೦೯ರಿಂದ ೧೮೨೯ರವರೆಗೆ ೯೬೧ ಹೆಬ್ಬಕಗಳನ್ನು ಕೊಂದನೆಂದು ದಾಖಲೆಯಿದೆ. ನನ್ನ ಬಾಲ್ಯದಲ್ಲಿ ಕುರುಗೋಡಿನ ಹಿರಿಯರು ಬಂದೂಕಿನ ಸಾಹೇಬರ ಕಥೆಗಳನ್ನು ಹೇಳುತ್ತಿದ್ದರು; ಆ ಹಕ್ಕಿಯ ಮಾಂಸದ ರುಚಿಯನ್ನು ನೆನೆಯುವವರೂ ಇದ್ದರು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಹೆಬ್ಬಕವೂ ಕೃಷ್ಣಮೃಗವೂ ಅದರ ಮೊದಲನೆಯ ಅನುಸೂಚಿಗೆ ಸೇರಿದವು. ಇಂದು ಇವನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವುಂಟು. ೧೯೭೮-೭೯ರ ಚಳಿಗಾಲದಲ್ಲಿ ಅರಬ್ ರಾಜಕುಮಾರನೊಬ್ಬನು ಡೇಗೆಗಳೊಡನೆ ಜೈಸಲ್ಮೇರಿನ ಮರುಭೂಮಿಗೆ ಬಂದು ಹೆಬ್ಬಕದ ದಾಯಾದಿಯಾದ ಹೌಬಾರ ಹಕ್ಕಿಯ ಬೇಟೆಗೆ ತೊಡಗಿದಾಗ ರಾಜಸ್ಥಾನದ ಜನರು ಪ್ರತಿಭಟಿಸಿದರು. ಆ ಜಾಗೃತಿಯ ಫಲವಾಗಿ ೧೯೮೦ರಲ್ಲಿ ಜಯಪುರದಲ್ಲಿ ಈ ಜಾತಿಯ ಹಕ್ಕಿಗಳ ಕುರಿತು ಅಂತರರಾಷ್ಟ್ರೀಯ ವಿಚಾರಸಂಕಿರಣವೇ ನಡೆಯಿತು.

ಬೇಟೆಯನ್ನು ಹೀಗೆ ತಡೆದವರ ಬಗೆಗೆ ಲೋಕದಲ್ಲಿ ಎಂತೆಂತಹ ಅಭಿಪ್ರಾಯಗಳಿವೆಯೆಂಬುದನ್ನು ತಿಳಿಯಲು ನಾವು ಸ್ವಲ್ಪ ಹೊತ್ತು ಹೊಲವನ್ನು ಬಿಟ್ಟು ಕಡಲಿಗೆ ಹೋಗಬೇಕು. ಏಕೆಂದರೆ ಈ ವಾದವು ದೀರ್ಘಕಾಲ, ಅತ್ಯಂತ ತೀವ್ರವಾಗಿ ನಡೆದಿರುವುದು ತಿಮಿಂಗಿಲದ ವಿಷಯದಲ್ಲಿ. ತಿಮಿಯೆಂಬುದು ಒಂದು ಮಹಾಮತ್ಸ್ಯ. ಅದನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವುದು ತಿಮಿಂಗಿಲಗಿಲವೆಂದು ಪ್ರಾಚೀನರು ಕಲ್ಪಿಸಿದ್ದರು. ಇಂದು ನಾವು ತಿಮಿಂಗಿಲವೆನ್ನುವ ಪ್ರಾಣಿ ಮೀನಲ್ಲ. ಮರಿಗೆ ಹಾಲೂಡುವ ಸಸ್ತನಿ. ದೀಪಕ್ಕೆ, ಯಂತ್ರಕ್ಕೆ, ಸಾಬೂನಿಗೆ ಎಣ್ಣೆಯನ್ನೂ ಊಟಕ್ಕೆ ಮಾಂಸವನ್ನೂ ಬಯಸಿ ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಮನುಷ್ಯನು ಸುಮಾರು ೨೯ ಲಕ್ಷ ತಿಮಿಂಗಿಲಗಳನ್ನು ಕೊಂದನೆಂದು ಲೆಕ್ಕಹಾಕಲಾಗಿದೆ. ಪುರಾಣದ ತಿಮಿಂಗಿಲಗಿಲವು ತಾನೇ ಎಂಬುದನ್ನು ಮನುಷ್ಯನು ಹೀಗೆ ತೋರಿಸಿಕೊಟ್ಟನು.

೧೯೪೬ರ ಒಪ್ಪಂದದಂತೆ ರಚಿತವಾದ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗವು ಮೊದಮೊದಲು ಬೇಟೆಯನ್ನು ಹಂಚಿಕೊಡುವ ಸಂಸ್ಥೆಯಾಗಿತ್ತೇ ಹೊರತು ತಡೆಯುವ ಸಂಸ್ಥೆಯಾಗಿರಲಿಲ್ಲ. ೧೯೭೫ರಲ್ಲಿ ಗ್ರೀನ್‌ಪೀಸ್ ಎಂಬ ಸಂಸ್ಥೆಯವರು ಕ್ಯಾಲಿಫೋರ್ನಿಯದ ಆಚೆಯ ಕಡಲಲ್ಲಿ ಸಣ್ಣ ದೋಣಿಗಳನ್ನೇರಿ, ಸೋವಿಯತ್ ಹಡಗಿನ ಈಟಿ ಫಿರಂಗಿಗೂ ತಿಮಿಂಗಿಲಕ್ಕೂ ನಡುವೆ ನಿಂತರು. ಕಣ್ವಾಶ್ರಮದ ತಾಪಸರು ಮಾಡಿದುದೂ ಇದನ್ನೇ ಅಲ್ಲವೇ! ಆ ದೃಶ್ಯದ ಚಿತ್ರಗಳು ಲೋಕದ ಮನಸ್ಸನ್ನು ಕಲಕಿದವು. ೧೯೮೧ರಲ್ಲಿ ಭಾರತವೂ ಆಯೋಗದ ಸದಸ್ಯನಾಯಿತು. ೧೯೮೨ರಲ್ಲಿ ವ್ಯಾಪಾರಕ್ಕಾಗಿ ನಡೆಯುವ ತಿಮಿಂಗಿಲ ಬೇಟೆಯನ್ನು ನಿಲ್ಲಿಸಬೇಕೆಂದು ಆಯೋಗವು ತೀರ್ಮಾನಿಸಿತು; ೧೯೮೬ರ ವೇಳೆಗೆ ಅದು ಜಾರಿಗೆ ಬಂದಿತು.

ಇದನ್ನು ಎಲ್ಲರೂ ಒಪ್ಪಲಿಲ್ಲ. ನಾರ್ವೆ ದೇಶವು ಆಕ್ಷೇಪಣೆಯನ್ನು ಸಲ್ಲಿಸಿ ೧೯೯೩ರಿಂದ ಬೇಟೆಯನ್ನು ಮತ್ತೆ ಆರಂಭಿಸಿತು. ಜಪಾನು ವೈಜ್ಞಾನಿಕ ಸಂಶೋಧನೆಯ ಹೆಸರಿನಲ್ಲಿ ಅದನ್ನು ಮುಂದುವರಿಸಿತು. ದಕ್ಷಿಣ ಧ್ರುವದ ಕಡಲಲ್ಲಿ ಅದು ನಡೆಸುತ್ತಿದ್ದ ಬೇಟೆಯು ಸಂಶೋಧನೆಗಾಗಿ ಅಲ್ಲವೆಂದು ೨೦೧೪ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ತೀರ್ಪಿತ್ತಿತು. ೨೦೧೯ರಲ್ಲಿ ಆಯೋಗವನ್ನೇ ತೊರೆದು ಜಪಾನು ತನ್ನ ಕಡಲಿನಲ್ಲಿ ಬಹಿರಂಗವಾಗಿ ವ್ಯಾಪಾರದ ಬೇಟೆಗೆ ತೊಡಗಿತು. ಯುದ್ಧಾನಂತರದ ಹಸಿವಿನ ವರ್ಷಗಳಲ್ಲಿ ನಮ್ಮ ಶಾಲಾಮಕ್ಕಳು ಉಂಡದ್ದು ಈ ಮಾಂಸವನ್ನೇ; ದನವನ್ನು ಕೊಂದು ತಿನ್ನುವವರು ನಮಗೆ ದಯೆಯನ್ನು ಬೋಧಿಸುವುದೇಕೆ; ಎಲ್ಲ ಜಾತಿಯ ತಿಮಿಂಗಿಲಗಳೂ ಅಳಿವಿನಂಚಿನಲ್ಲಿಲ್ಲವಲ್ಲ — ಇದು ಅಲ್ಲಿಯವರ ವಾದ. ಈ ವಾದವನ್ನು ಕೇವಲ ಹಟವೆಂದು ತಳ್ಳಿಹಾಕುವಂತಿಲ್ಲ.

ತಡೆಯುವವರಲ್ಲಿಯೂ ಒಮ್ಮತವಿರಲಿಲ್ಲ. ಗ್ರೀನ್‌ಪೀಸ್‌ನಿಂದ ಬೇರೆಯಾದ ಪಾಲ್ ವಾಟ್ಸನ್ ೧೯೭೭ರಲ್ಲಿ ಸ್ಥಾಪಿಸಿದ ಸಂಸ್ಥೆಯು ಮುಂದೆ ಸೀ ಶೆಫರ್ಡ್ ಎಂದು ಹೆಸರಾಯಿತು. ಅದರವರು ೧೯೮೬ರಲ್ಲಿ ಐಸ್‌ಲೆಂಡಿನ ಬಂದರಿನಲ್ಲಿ ಎರಡು ಬೇಟೆಹಡಗುಗಳನ್ನೇ ಮುಳುಗಿಸಿದರು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೂ ಪರರ ಸ್ವತ್ತನ್ನು ನಾಶಮಾಡಿ ಜೀವವನ್ನುಳಿಸುವುದು ಧರ್ಮವೇ ಎಂಬ ಪ್ರಶ್ನೆ ಎದ್ದಿತು. ಅವರನ್ನು ವೀರರೆಂದವರೂ ಉಂಟು, ಕಡಲ್ಗಳ್ಳರೆಂದವರೂ ಉಂಟು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದುದು ಇನ್ನೊಂದು ಪ್ರಸಂಗ. ತಿಮಿಂಗಿಲದ ಪರವಾಗಿ ನಿಂತವರೇ ಸೀಲ್ ಎಂಬ ಕಡಲಪ್ರಾಣಿಯ ಬೇಟೆಯನ್ನೂ ವಿರೋಧಿಸಿದರು. ೧೯೮೩ರಲ್ಲಿ ಯುರೋಪಿನ ರಾಷ್ಟ್ರಗಳು ಸೀಲ್‌ಮರಿಗಳ ಚರ್ಮದ ಆಮದನ್ನು ನಿಷೇಧಿಸಿದವು. ಪರಿಣಾಮವಾಗಿ ಎಲ್ಲ ಬಗೆಯ ಸೀಲ್ ಚರ್ಮಕ್ಕೂ ಬೆಲೆ ಕುಸಿಯಿತು. ಹಿಮದ ನಾಡಿನಲ್ಲಿ ಬೆಳೆದ ಸೀಲನ್ನು ಬೇಟೆಯಾಡಿ, ಮಾಂಸವನ್ನುಂಡು, ಚರ್ಮವನ್ನು ಮಾರಿ ಬದುಕುತ್ತಿದ್ದ ಇನ್ಯೂಟ್ ಜನರು ಬಡತನಕ್ಕೆ ಬಿದ್ದರು. ಮೂವತ್ತು ವರ್ಷಗಳ ಅನಂತರ, ೨೦೧೪ರಲ್ಲಿ, ಗ್ರೀನ್‌ಪೀಸ್‌ನ ಕೆನಡ ಶಾಖೆಯು ಅವರ ಕ್ಷಮೆಯನ್ನು ಬೇಡಿತು. ತಪ್ಪನ್ನೊಪ್ಪಿಕೊಂಡುದು ದೊಡ್ಡ ಗುಣವೇ ಸರಿ. ಆದರೆ ಅಷ್ಟರಲ್ಲಿ ಒಂದು ತಲೆಮಾರೇ ಕಳೆದುಹೋಗಿತ್ತು.

ಈ ಬೆಳಕಿನಲ್ಲಿ ನಮ್ಮ ಎರೆಹೊಲವನ್ನು ಮತ್ತೆ ನೋಡೋಣ. ಕಾಯಿದೆಯು ಬಂದಾಗ ಶೋಕಿಗಾಗಿ ಬೇಟೆಯಾಡುತ್ತಿದ್ದವನು ಬಂದೂಕನ್ನು ಗೋಡೆಗೆ ತೂಗುಹಾಕಿದನು. ಅವನಿಗೆ ಮನೆಯಲ್ಲಿ ಊಟ ಕಾದಿತ್ತು. ಬಲೆ ಉರುಲುಗಳೇ ಕಸುಬಾಗಿದ್ದ ಹರಣಶಿಕಾರಿ ಮೊದಲಾದ ಜನರಿಗೆ ಹಾಗಿರಲಿಲ್ಲ. ರೈತನ ಮಾತೂ ಬೇರೆಯೇ. ಪೈರನ್ನು ತಿಂದ ಮೃಗಕ್ಕೆ ಕಲ್ಲೆಸೆದರೂ ಅಪರಾಧಿಯಾಗುವೆನೆಂಬ ಅಂಜಿಕೆ ಅವನದು. ಸರ್ಕಾರದ ಪರಿಹಾರವು ಅರ್ಜಿ, ತಪಾಸಣೆಗಳನ್ನು ದಾಟಿ ಕೈಗೆ ಬರುವ ವೇಳೆಗೆ ಮುಂದಿನ ಬಿತ್ತನೆಯೇ ಬಂದಿರುತ್ತದೆಂಬ ದೂರು ಅವನದು. ಇವರಿಬ್ಬರೂ ಕ್ರೂರರಲ್ಲ.

ಹಕ್ಕಿಗೆ ಬಂದೂಕಿನ ಭಯ ತಪ್ಪಿದರೂ ಸಂಕಟ ತಪ್ಪಲಿಲ್ಲ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ನೀರುಕೊಟ್ಟ ಮೇಲೆ ಸಿರುಗುಪ್ಪ ಸೀಮೆಯು ಭತ್ತದ ಕಣಜವಾಯಿತು. ಈ ಅನ್ನದಿಂದ ಎಷ್ಟೋ ಮನೆಗಳು ಬೆಳಗಿವೆ, ನಮ್ಮ ವಸತಿನಿಲಯದ ಒಲೆಯೂ ಉರಿದಿದೆ. ಅದನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ಹುಲ್ಲುಬಯಲು ಕಿರಿದಾಯಿತು. ಈ ಭಾರದ ಹಕ್ಕಿಗೆ ಮುಂದಿನ ನೋಟ ಮಂದವಾದುದರಿಂದ ವಿದ್ಯುತ್ ತಂತಿಗಳಿಗೆ ಬಡಿದು ಸಾಯುವುದೂ ಉಂಟು. ರಾಜಸ್ಥಾನ ಗುಜರಾತುಗಳಲ್ಲಿ ಅಂತಹ ತಂತಿಗಳನ್ನು ಸಾಧ್ಯವಿದ್ದೆಡೆ ನೆಲದೊಳಗೆ ಹಾಕಬೇಕೆಂದು ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಸೌರವಿದ್ಯುತ್ತಿನ ಅಗತ್ಯವನ್ನೂ ಗಮನಿಸಿ ೨೦೨೪ರಲ್ಲಿ ಆ ಆಜ್ಞೆಯನ್ನು ಸಡಿಲಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಇಲ್ಲಿಯೂ ಎರಡು ಒಳ್ಳೆಯ ಕಾರ್ಯಗಳ ನಡುವೆಯೇ ಘರ್ಷಣೆ.

ನಿಷೇಧದ ಭಾರವನ್ನೆಲ್ಲ ಹಳ್ಳಿಯವನ ಮೇಲೆಯೇ ಹೊರಿಸಿದರೆ ಏನಾಗುವುದೆಂಬುದಕ್ಕೆ ನಿದರ್ಶನಗಳಿವೆ. ಮಧ್ಯಪ್ರದೇಶದ ಕರೇರಾದಲ್ಲಿ ೧೯೮೧ರಲ್ಲಿ ಹೆಬ್ಬಕಕ್ಕಾಗಿ ಅಭಯಾರಣ್ಯವಾಯಿತು. ರೈತರ ಸ್ವಂತ ಹೊಲಗಳೂ ಅದರೊಳಗೆ ಸೇರಿದುದರಿಂದ ಅವುಗಳನ್ನು ಮಾರುವುದಕ್ಕೆ ಅಡ್ಡಿಯಾಯಿತು. ಜನರಿಗೆ ಹಕ್ಕಿಯ ಮೇಲೆಯೇ ಮುನಿಸು ಹುಟ್ಟಿತು. ೧೯೯೦ರ ದಶಕದಲ್ಲಿ ಹಕ್ಕಿಯು ಅಲ್ಲಿಂದ ಕಣ್ಮರೆಯಾಯಿತು. ನಮ್ಮ ಗಡಿಯಾಚೆಯ ಸೊಲ್ಲಾಪುರದ ಬಳಿ ನಾನ್ನಜ್‌ನಲ್ಲಿ ೧೯೭೯ರಲ್ಲಿ ೮,೪೯೬ ಚದರ ಕಿಲೋಮೀಟರಿನಷ್ಟು ಪ್ರದೇಶವನ್ನು ಅಭಯಾರಣ್ಯವೆಂದು ಸಾರಿ, ಅನಂತರ ಅದನ್ನು ೧,೨೨೨ಕ್ಕೆ ಇಳಿಸಬೇಕಾಯಿತು.

ಹಾಗೆಂದು ತಡೆಯುವುದೇ ತಪ್ಪೆನ್ನಲಾದೀತೇ? ಆಗದು. ಎಲ್ಲರೂ ಒಪ್ಪುವವರೆಗೆ ಕಾದಿದ್ದರೆ ಇಂದು ದಕ್ಷಿಣದ ಕಡಲುಗಳಲ್ಲಿ ಗೂನುಬೆನ್ನಿನ ತಿಮಿಂಗಿಲವು ಮತ್ತೆ ಸಾವಿರಗಟ್ಟಲೆಯಾಗಿ ಬೆಳೆಯುತ್ತಿರಲಿಲ್ಲ. ಅಳಿದ ಜಾತಿಯನ್ನು ಮತ್ತೆ ಹುಟ್ಟಿಸುವ ಶಕ್ತಿ ಯಾವ ಅರಸನಿಗೂ ಯಾವ ಪಂಡಿತನಿಗೂ ಇಲ್ಲ. ಆದುದರಿಂದ ಬಿಲ್ಲಿಗೂ ಮೃಗಕ್ಕೂ ನಡುವೆ ನಿಲ್ಲುವವರು ಬೇಕು. ಆದರೆ ನಡುವೆ ನಿಲ್ಲುವುದು ಅರ್ಧ ಕಾರ್ಯ ಮಾತ್ರ. ಬಿಲ್ಲನ್ನಿಳಿಸಿದವನು ಅರಸನಾದರೆ ಒಂದು ಹರಕೆ ಸಾಕು. ಅವನಿಗೆ ನಷ್ಟವಾದುದು ಒಂದು ವಿನೋದ. ಬಡವನಾದರೆ ಹರಕೆಯಿಂದ ಅವನ ಹೊಟ್ಟೆ ತುಂಬದು. ಒಬ್ಬನ ಕಾಯಕವನ್ನು ನಿಲ್ಲಿಸಿದವನು ಅವನ ನಷ್ಟದಲ್ಲಿ ತಾನೂ ಪಾಲುಗೊಳ್ಳಬೇಕು. ಅದೂ ಒಂದು ದಾಸೋಹವೇ.

ಆ ಹುಡುಗನಿಗೆ ನಾನು ಕೊಡಬೇಕಾದ ಉತ್ತರವಿದು: ಇಲ್ಲಪ್ಪ, ಋಷಿಗಳಿಗೆ ನಿನ್ನ ತಂದೆಯದರಂತಹ ಹೊಲವಿರಲಿಲ್ಲ, ಆದುದರಿಂದ ಅವರ ಮಾತು ಅವರಿಗೆ ಸುಲಭವಾಗಿತ್ತು. ನಿನ್ನ ತಂದೆಯು ಕಷ್ಟವನ್ನುಂಡೂ ಮೃಗವನ್ನು ಕೊಲ್ಲದೆ ಬಿಟ್ಟನಲ್ಲ, ಆತನ ತಪಸ್ಸು ದೊಡ್ಡದು. ಆ ತಪಸ್ಸಿನ ವೆಚ್ಚವನ್ನು ಅವನೊಬ್ಬನಿಗೇ ಬಿಟ್ಟುದು ನಮ್ಮೆಲ್ಲರ ತಪ್ಪು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಸಿರುಗುಪ್ಪ, ಕುರುಗೋಡುಗಳ ಒಕ್ಕಲು ಮಕ್ಕಳು ಅನೇಕರಿದ್ದೀರಿ. ಬಳ್ಳಾರಿಯ ವರ್ತಕರೂ ಉದಾರ ದಾನಿಗಳೂ ಇದ್ದೀರಿ. ಎರೆಹೊಲದಲ್ಲಿ ಎಂದಾದರೂ ಒಂಟಿ ಮೊಟ್ಟೆಯೊಂದು ಕಣ್ಣಿಗೆ ಬಿದ್ದರೆ ಅದನ್ನು ಮುಟ್ಟದೆ, ಸುತ್ತಲಿನ ನೆಲವನ್ನು ಒಂದು ತಿಂಗಳು ಉಳದೆ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿರೆಂದು ಮೊದಲನೆಯವರಲ್ಲಿ ನನ್ನ ವಿನಂತಿ. ಹಾಗೆ ಬಿಟ್ಟವನ ಬೆಳೆಯ ನಷ್ಟವನ್ನು ತುಂಬಿಕೊಡುವ ಹೊಣೆಯನ್ನು ನೀವು ಹೊರಬೇಕೆಂದು ಎರಡನೆಯವರಲ್ಲಿ ವಿನಂತಿ. ಮಕ್ಕಳಿಗೆ ಈ ಹಕ್ಕಿಯ ಹೆಸರನ್ನೂ ಗುರುತನ್ನೂ ಕಲಿಸುವ ಹೊಣೆ ಉಪಾಧ್ಯಾಯರಾದ ನಮ್ಮದು. ಮುಂದಿನ ತಲೆಮಾರಿಗೆ ಎರೆಭೂತವೆಂಬುದು ನಿಘಂಟಿನ ಶಬ್ದವಾಗಿ ಮಾತ್ರ ಉಳಿಯದೆ ಎರೆಯ ಬಯಲಿನಲ್ಲಿಯೂ ಉಳಿಯಲಿ.