ಬಾರಾಪೇಡೆಯ ಬಾವಲಿಯ ಮೂಲವಿಚಾರ

ಅಮರಸಿಂಹನು ಬಾವಲಿಗೆ ಹೇಳಿರುವ ‘ಅಜಿನಪತ್ರಾ’ ಎಂಬ ಹೆಸರು ಅನ್ವರ್ಥವಾದುದು. ಅಜಿನವೆಂದರೆ ತೊಗಲು, ಪತ್ರವೆಂದರೆ ರೆಕ್ಕೆ. ಈ ತೊಗಲುರೆಕ್ಕೆಯ ಕುಲದಲ್ಲಿ ಒಂದು ಜಾತಿಯ ಮೂಲಸ್ಥಾನವು ವಿಚಾರಣೀಯವಾಗಿದೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ತಳೇವಾಡಿಯ ಬಳಿ ಬಾರಾಪೇಡೆಯೆಂಬ ಗುಹೆಗಳಿರುವುವು. ಅಲ್ಲಿ ದೊರೆತ, ದೊಡ್ಡ ಕಿವಿಗಳೆರಡೂ ಹಣೆಯ ಮೇಲೆ ಕೂಡಿಕೊಂಡಿರುವ ಬಾವಲಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಆಂಗ್ಲ ಪಂಡಿತನು ಹೊಸ ಜಾತಿಯೆಂದು ವರ್ಣಿಸಿ, ಭಾರತದ ಸಸ್ತನಿಗಳ ಸಮೀಕ್ಷೆಯಲ್ಲಿ ದುಡಿದ ರಾಟನ್ನನ ಹೆಸರನ್ನು ಅದಕ್ಕಿಟ್ಟನು. ಮುಂದೆ 80 ವರ್ಷಗಳಿಗೂ ಮಿಕ್ಕಿ ಅದು ಲೋಕದಲ್ಲಿ ಬೇರೆಲ್ಲಿಯೂ ಕಾಣಲಿಲ್ಲ. ಈ ಗುಹೆಗಳಲ್ಲಿಯೇ ಹುಟ್ಟಿ ಉಳಿದುದೆಂಬ ಭಾವನೆ ಬಲಿಯಿತು. ಆದರೆ ಈ ಶತಮಾನದ ಆರಂಭದಲ್ಲಿ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಅದೇ ಜಾತಿ ದೊರೆಯಿತು. ಮೊದಲು ಕಂಡ ಸ್ಥಳವೇ ಮೂಲಸ್ಥಾನವೆಂಬ ಅನುಮಾನಕ್ಕೆ, ತಾರ್ಕಿಕರು ಹೇಳುವ ವ್ಯಭಿಚಾರದೋಷವು ತಗಲಿತು. ಅಲ್ಲಿಂದ ಇಲ್ಲಿಗೆ ಬಂದಿತೋ, ಹಿಂದೆ ನಡುನಾಡಿನಲ್ಲೆಲ್ಲ ಹರಡಿದ್ದುದು ಅಳಿದು ತುದಿಗಳಲ್ಲಿ ಮಾತ್ರ ಉಳಿಯಿತೋ ಎಂಬುದಿನ್ನೂ ನಿಶ್ಚಯವಾಗಿಲ್ಲ.

ಆಸ್ಟ್ರೇಲಿಯದ ಪರ್ಸಿ ದ್ವೀಪದ ಬಾವಲಿಗಾದರೋ ಇಂತಹ ಪರೀಕ್ಷೆಯ ಭಾಗ್ಯವೂ ಇಲ್ಲ. 1878ರಲ್ಲಿ ಡಾಬ್ಸನ್ ವರ್ಣಿಸಿದ ಒಂದೇ ಮಾದರಿಯ ಹೊರತು ಅದರ ಸುಳಿವಿಲ್ಲ; ದ್ವೀಪದ್ದೇ ಜಾತಿಯೋ, ದಾರಿತಪ್ಪಿ ಬಂದ ಪರದೇಶಿಯೋ ಎಂಬ ಸಂಶಯವುಳಿದಿದೆ, ಪ್ರಾಣಿಯುಳಿದಿಲ್ಲ. ತಳೇವಾಡಿಯ ಕಾಡು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ರಕ್ಷಿತವಾಯಿತು.