ಸೋಲಿನ ಬಳಿಕದ ಸೋಮವಾರ: ಬೆಂಗಳೂರು ಓಪನ್ ಟೆನಿಸ್ ನಮ್ಮ ಮನೆಗಳಿಗೆ ಕಲಿಸುವುದೇನು?

ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರುಗಳಲ್ಲಿ ಟೆನಿಸ್ ಎಂದೊಡನೆ ಮಕ್ಕಳ ನೆನಪಿಗೆ ಬರುವುದು ಟೆನಿಸ್ ಚೆಂಡಿನ ಕ್ರಿಕೆಟ್. ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳು ನಮ್ಮ ಶಾಲಾ ಮೈದಾನಗಳಿಗೆ ಒಗ್ಗಿಕೊಂಡಂತೆ ಲಾನ್ ಟೆನಿಸ್ ಒಗ್ಗಿಲ್ಲ. ಹೀಗಿರುವಾಗ ಕುಟುಂಬದ ಪತ್ರಿಕೆಯೊಂದರಲ್ಲಿ ಈ ಆಟದ ವಿಚಾರವೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೆಂದು ಊಟ ಬಿಟ್ಟು ಮಲಗುವ ಮಕ್ಕಳು, ಪಕ್ಕದ ಮನೆಯ ಹುಡುಗನೊಡನೆ ಹೋಲಿಸಿ ನೊಂದುಕೊಳ್ಳುವ ತಾಯಿತಂದೆಯರು ಇಂದು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಸೋತ ದಿನ ಮನೆಯವರು ಹೇಗಿರಬೇಕು ಎಂಬ ಪ್ರಶ್ನೆಗೆ ಟೆನಿಸ್ಸಿನ ಸಿಂಗಲ್ಸ್ ಸ್ಪರ್ಧೆಯಷ್ಟು ನೇರವಾಗಿ ಉತ್ತರಿಸುವ ಆಟ ಮತ್ತೊಂದಿಲ್ಲವೆಂದು ನಾವು ಭಾವಿಸಿದ್ದೇವೆ.

ಮೂವತ್ತೆರಡರಲ್ಲಿ ಮೂವತ್ತೊಂದು

ನಮ್ಮ ರಾಜ್ಯದಲ್ಲಿ ವೃತ್ತಿಪರ ಪುರುಷರ ಟೆನಿಸ್‌ಗೆ ಹೆಸರಾದುದು ಬೆಂಗಳೂರು ಓಪನ್. ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಲ್ಲಿ ನಡೆಯುವ ಈ ಪಂದ್ಯಾವಳಿಯು ಚಾಲೆಂಜರ್ ಎಂಬ ಶ್ರೇಣಿಗೆ ಸೇರಿದುದು. ವಿಂಬಲ್ಡನ್ ಮುಂತಾದ ಮಹಾ ಪಂದ್ಯಾವಳಿಗಳು ಏಣಿಯ ತುದಿಯಾದರೆ ಚಾಲೆಂಜರ್ ಎಂಬುದು ನಡುವಿನ ಮೆಟ್ಟಿಲು. ಅದಕ್ಕೂ ಕೆಳಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಸಣ್ಣ ಪಂದ್ಯಾವಳಿಗಳಿವೆ. 2023ರಲ್ಲಿ ಕಲಬುರಗಿಯಲ್ಲಿ ನಡೆದುದು ಅಂತಹುದೇ ಒಂದು.

ಚಾಲೆಂಜರ್ ಸಿಂಗಲ್ಸ್‌ನ ಪ್ರಧಾನ ಪಟ್ಟಿಯಲ್ಲಿ 32 ಮಂದಿ ಆಟಗಾರರು. ಮೂರು ಸೆಟ್‌ಗಳಲ್ಲಿ ಎರಡನ್ನು ಗೆದ್ದವನು ಮುಂದಕ್ಕೆ, ಸೋತವನು ಹೊರಕ್ಕೆ. ಐದು ಪಂದ್ಯಗಳನ್ನು ಸತತವಾಗಿ ಗೆದ್ದವನಿಗೆ ಪ್ರಶಸ್ತಿ. ಎಂದರೆ, ವಾರ ಮುಗಿಯುವುದರೊಳಗೆ 31 ಮಂದಿ ಒಂದೊಂದು ಸೋಲನ್ನು ಹೊತ್ತು ಹೊರಡಲೇಬೇಕು. ಕ್ರಿಕೆಟ್ಟಿನಲ್ಲಿ ಒಬ್ಬನು ಸೊನ್ನೆಗೆ ಔಟಾದರೂ ಇನ್ನೊಬ್ಬನು ನೂರು ಹೊಡೆದು ತಂಡವನ್ನು ಉಳಿಸಿಯಾನು. ಸಿಂಗಲ್ಸ್‌ನಲ್ಲಿ ಬದಲಿ ಆಟಗಾರನಿಲ್ಲ, ಸೋಲನ್ನು ಹಂಚಿಕೊಳ್ಳಲು ಜೊತೆಗಾರನಿಲ್ಲ.

ಗೆದ್ದವನ ನೆಮ್ಮದಿಯೂ ಶಾಶ್ವತವಲ್ಲ. ಆಟಗಾರನ ವಿಶ್ವಸ್ಥಾನವನ್ನು ನಿರ್ಧರಿಸುವ ಅಂಕಗಳು 52 ವಾರಗಳ ಬಳಿಕ ಲೆಕ್ಕದಿಂದ ಬಿದ್ದುಹೋಗುತ್ತವೆ. ನಮ್ಮ ಮೆಕ್ಕೆಜೋಳದ ಹೊಲದಂತೆ ಇದು. ಹೋದ ವರ್ಷದ ಸುಗ್ಗಿ ಎಷ್ಟೇ ಚೆನ್ನಾಗಿದ್ದರೂ ಈ ವರ್ಷ ಮತ್ತೆ ಉತ್ತು ಬಿತ್ತಲೇಬೇಕು.

ಶಿಕ್ಷಕರ ಮಗ ಸುಮಿತ್

2017ರ ನವೆಂಬರಿನಲ್ಲಿ ಇಲ್ಲಿ ಪ್ರಶಸ್ತಿ ಗೆದ್ದವರು ಹರಿಯಾಣದ ಝಜ್ಜರ್‌ನ, ಶಾಲಾ ಶಿಕ್ಷಕರ ಮಗನಾದ ಸುಮಿತ್ ನಾಗಲ್. ಆಗ ಅವರ ವಯಸ್ಸು 20. ಅಗ್ರಶ್ರೇಯಾಂಕದ ಬ್ಲಾಜ್ ಕಾವ್ಚಿಚ್ ಮತ್ತು ನಮ್ಮವರೇ ಆದ ಯೂಕಿ ಭಾಂಬ್ರಿಯವರನ್ನು ಸೋಲಿಸಿ, ಅಂತಿಮ ಪಂದ್ಯದಲ್ಲಿ ಬ್ರಿಟನ್ನಿನ ಜೇ ಕ್ಲಾರ್ಕ್ ಅವರನ್ನು ಮಣಿಸಿದರು. ಇನ್ನು ಇವರ ದಾರಿ ಸುಗಮವಾಯಿತೆಂದು ಎಲ್ಲರಿಗೂ ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ 2023ರ ಸೆಪ್ಟೆಂಬರಿನಲ್ಲಿ, ದೇಶದ ಮೊದಲ ಕ್ರಮಾಂಕದ ಸಿಂಗಲ್ಸ್ ಆಟಗಾರನಾಗಿದ್ದಾಗಲೇ, ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ, ಎಂದರೆ ಸುಮಾರು 80 ಸಾವಿರ ರೂಪಾಯಿ ಮಾತ್ರವೆಂದು ಅವರು ಬಹಿರಂಗವಾಗಿ ಹೇಳಿಕೊಂಡರು. ವಿಮಾನದ ಟಿಕೆಟ್ಟು, ವಸತಿ, ತರಬೇತುದಾರನ ಸಂಬಳ ಇವೆಲ್ಲ ಸೇರಿ ವರ್ಷಕ್ಕೆ ಸುಮಾರು 1 ಕೋಟಿ ರೂಪಾಯಿ ಬೇಕಾಗುತ್ತಿತ್ತು. ಗೆದ್ದ ಹಣವೆಲ್ಲವೂ ಮುಂದಿನ ಪಂದ್ಯಾವಳಿಯ ಪ್ರಯಾಣಕ್ಕೇ ಕರಗುತ್ತಿತ್ತು.

ನಾಲ್ಕೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಸುತ್ತುಗಳನ್ನು ದಾಟಿದ ಅದೇ ಸುಮಿತ್, ಮೊದಲ ಸುತ್ತಿನಲ್ಲಿ 31ನೆಯ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಅಲ್ಲಿಯೇ ಮ್ಯಾಟ್ಸ್ ವಿಲಾಂಡರ್ ಅವರನ್ನು ಮಣಿಸಿದ ಬಳಿಕ, ಮಹಾ ಪಂದ್ಯಾವಳಿಯ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತನೊಬ್ಬನನ್ನು ಭಾರತೀಯ ಪುರುಷನು ಸೋಲಿಸಿದುದು ಅದೇ ಮೊದಲು. ಫೆಬ್ರವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದು ವಿಶ್ವದ ಮೊದಲ ನೂರರೊಳಗೆ ಬಂದರು. ಮರುವಾರವೇ ಬೆಂಗಳೂರಿನಲ್ಲಿ ಸೆಮಿಫೈನಲ್‌ನಲ್ಲಿ ಇಟಲಿಯ ಸ್ಟೆಫಾನೊ ನಪೋಲಿಟಾನೊಗೆ ಸೋತರು. ಹೀಗೆ ಏರುವುದು, ಇಳಿಯುವುದು, ಮರಳಿ ಏರುವುದು ಸಿಂಗಲ್ಸ್ ಆಟಗಾರನ ನಿತ್ಯದ ಬಾಳು.

ಮೂರು ಬಗೆಯ ಮನೆಗಳು

2018ರ ವಿಜೇತ ಚೆನ್ನೈನ ಪ್ರಜ್ಞೇಶ್ ಗುಣೇಶ್ವರನ್. ಮಂಡಿಯ ಮೂಳೆಯ ಬಿರುಕುಗಳಿಂದಾಗಿ ವರ್ಷಗಟ್ಟಲೆ ಆಟದಿಂದ ದೂರವಿರಬೇಕಾಗಿದ್ದ ಅವರು ಸಾಕೇತ್ ಮೈನೇನಿಯವರನ್ನು ಸೋಲಿಸಿ ಪ್ರಶಸ್ತಿ ಪಡೆದುದು 29 ತುಂಬಿದ ತಿಂಗಳಲ್ಲಿ. ಮರುವರ್ಷ ವಿಶ್ವದ 75ನೆಯ ಸ್ಥಾನಕ್ಕೇರಿದರು. ಕಾಲ ಮೀರಿತೆಂದು ಮನೆಯವರು ಕೈಚೆಲ್ಲಿದ್ದರೆ ಆ ಏರಿಕೆ ಇರುತ್ತಿರಲಿಲ್ಲ.

2022ರ ಫೆಬ್ರವರಿಯಲ್ಲಿ ಎರಡು ವಾರ ಎರಡು ಪಂದ್ಯಾವಳಿಗಳು ನಡೆದವು. ಮೊದಲನೆಯದನ್ನು ಗೆದ್ದವರು ತೈವಾನಿನ 20ರ ತರುಣ ತ್ಸೆಂಗ್ ಚುನ್-ಶಿನ್. ಇವರ ತಾಯಿತಂದೆಯರು ರಾತ್ರಿ ಸಂತೆಯಲ್ಲಿ ಸಕ್ಕರೆ ಪಾಕದ ಹಣ್ಣಿನ ಕಡ್ಡಿ ಮಾರಿ ಮಗನ ಆಟವನ್ನು ಸಲಹಿದವರು. ಆ ಮಗ 2018ರಲ್ಲೇ ಫ್ರೆಂಚ್ ಹಾಗೂ ವಿಂಬಲ್ಡನ್ ಕಿರಿಯರ ಪ್ರಶಸ್ತಿಗಳೆರಡನ್ನೂ ಗೆದ್ದಿದ್ದನು.

2025ರ ವಿಜೇತ ಅಮೆರಿಕದ ಬ್ರ್ಯಾಂಡನ್ ಹೋಲ್ಟ್ ಅವರ ಮನೆಯ ಸ್ಥಿತಿ ತೀರ ಭಿನ್ನವಾದುದು. ತಾಯಿ ಟ್ರೇಸಿ ಆಸ್ಟಿನ್ ಎರಡು ಬಾರಿ ಯು.ಎಸ್. ಓಪನ್ ಗೆದ್ದ ವಿಶ್ವವಿಖ್ಯಾತ ಆಟಗಾರ್ತಿ. ಆದರೆ ತಾಯಿಯ ಕೀರ್ತಿ ಮಗನ ಪರವಾಗಿ ಒಂದು ಅಂಕವನ್ನೂ ಗಳಿಸಿಕೊಡದು. ಹಿಂದಿನ ವಾರವಷ್ಟೇ ಪುಣೆಯಲ್ಲಿ ಅಂತಿಮ ಪಂದ್ಯ ಸೋತಿದ್ದ ಹೋಲ್ಟ್ ಬೆಂಗಳೂರಿಗೆ ಬಂದು, ಮತ್ತೆ ಮೊದಲ ಸುತ್ತಿನಿಂದ ಆರಂಭಿಸಿ, ಅಂತಿಮ ಪಂದ್ಯದಲ್ಲಿ ಜಪಾನಿನ ಶಿಂಟಾರೊ ಮೊಚಿಝುಕಿಯವರನ್ನು ಸೋಲಿಸಿದರು. ಭಾನುವಾರ ಸೋತವನು ಸೋಮವಾರ ಇನ್ನೊಂದು ಊರಿನಲ್ಲಿ ಚೀಲ ಬಿಚ್ಚಬೇಕು. ಈ ಆಟದ ತಿರುಳೇ ಅದು.

ಸಿಂಗಲ್ಸ್ ಒಲಿಯದವರಿಗೆ ದಾರಿ ಮುಚ್ಚಿತೆಂದೂ ಅಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಸಿಂಗಲ್ಸ್‌ನಲ್ಲಿ ತಲುಪಿದ ಅತ್ಯುತ್ತಮ ಸ್ಥಾನ 213. ಆದರೆ ಡಬಲ್ಸ್‌ನಲ್ಲಿ 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಅವರು ವಿಶ್ವದ ಮೊದಲ ಸ್ಥಾನಕ್ಕೇರಿದರು.

ತಾಯಿತಂದೆಯರಲ್ಲಿ ಅರಿಕೆ

ಮಕ್ಕಳೆಲ್ಲರೂ ಟೆನಿಸ್ ಆಟಗಾರರಾಗಲಿ ಎಂದು ನಾವು ಹೇಳುತ್ತಿಲ್ಲ. ಮೇಲಿನ ಲೆಕ್ಕವನ್ನು ನೋಡಿದರೆ ತೋಟ ಅಡವಿಟ್ಟು ಮಗನನ್ನು ಅಂಕಣಕ್ಕೆ ಕಳುಹಿಸುವುದು ವಿವೇಕವೂ ಅಲ್ಲ. ಆಸಕ್ತಿಯುಳ್ಳ ಮಗುವಿಗೆ ಆಟದ ಜೊತೆಗೆ ಓದೂ ಸಾಗಲಿ. ಖರ್ಚಿನ ಮಿತಿಯನ್ನು ಮನೆಯವರೆಲ್ಲ ಕುಳಿತು ಮೊದಲೇ ನಿಶ್ಚಯಿಸಿಕೊಳ್ಳಲಿ.

ಆದರೆ ಮಗು ಕಬಡ್ಡಿಯಾಡಲಿ, ಪ್ರತಿಭಾ ಕಾರಂಜಿಯಲ್ಲಿ ಹಾಡಲಿ, ಪರೀಕ್ಷೆ ಬರೆಯಲಿ, ಸೋಲು ಮಾತ್ರ ಎಲ್ಲರ ಮನೆಗೂ ಬಂದೇ ಬರುತ್ತದೆ. ಅಂದು ಹಿಂತಿರುಗಿದ ಮಗುವನ್ನು ಹೊಸಿಲಲ್ಲೇ ನಿಲ್ಲಿಸಿ "ಗೆದ್ದೆಯಾ?" ಎಂದು ಕೇಳುವ ಬದಲು ಕೈಕಾಲು ತೊಳೆಸಿ ಊಟಕ್ಕೆ ಕೂರಿಸೋಣ. ಎಲ್ಲಿ ತಪ್ಪಿತೆಂಬ ವಿಚಾರ ಮರುದಿನಕ್ಕಿರಲಿ. ಅಂಕಣದಲ್ಲಿ ಆಟಗಾರನು ಒಬ್ಬನೇ ನಿಲ್ಲಬೇಕು, ಅದು ಆಟದ ನಿಯಮ. ಮನೆಯಲ್ಲಿಯೂ ಅವನು ಒಬ್ಬನೇ ನಿಲ್ಲಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ.