ಎಸ್ಟರುಗಳ ಕ್ರಿಯೆಗಳಲ್ಲಿ ಅಡಗಿರುವ ಏಕಸೂತ್ರ

ಎಸ್ಟರುಗಳ ಕ್ರಿಯೆಗಳನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಕಂಠಸ್ಥ ಮಾಡುವರು. ಅಂಥ ಪಟ್ಟಿಯು ಪರೀಕ್ಷೆಗೆ ಸಾಕಾಗಬಹುದು. ಹೊಸದೊಂದು ಕಾರಕವು ಎದುರಾದೊಡನೆ ಅದು ಕೈಕೊಡುವುದು. ಈ ಕ್ರಿಯೆಗಳಲ್ಲಿ ಬಹುಪಾಲಿಗೆ ಆಧಾರವಾದ ತತ್ತ್ವವೊಂದುಂಟು.

ಎಸ್ಟರಿನ ಅಣುವಿನಲ್ಲಿ ಕಾರ್ಬೊನಿಲ್ ಇಂಗಾಲಕ್ಕೂ ಆಲ್ಕೈಲ್ ಗುಂಪಿಗೂ ನಡುವೆ ಆಮ್ಲಜನಕದ ಒಂದು ಪರಮಾಣುವಿದೆ. ಜಲವಿಚ್ಛೇದನದಲ್ಲಿ ಇದರ ಯಾವ ಪಕ್ಕದ ಬಂಧವು ಮುರಿಯುವುದು? ಉತ್ಪನ್ನಗಳನ್ನು ಮಾತ್ರ ನೋಡಿ ಇದನ್ನು ನಿರ್ಧರಿಸಲಾಗದು. 1934ರಲ್ಲಿ ಪೊಲಾನ್ಯಿ ಮತ್ತು ಸಾಬೊ ಅವರು ಅಮೈಲ್ ಅಸಿಟೇಟನ್ನು ಆಮ್ಲಜನಕ-18 ಅಧಿಕವಾಗಿದ್ದ ನೀರಿನಲ್ಲಿ ಕ್ಷಾರದಿಂದ ವಿಚ್ಛೇದಿಸಿದರು. ದೊರೆತ ಆಲ್ಕೊಹಾಲಿನಲ್ಲಿ ಆ ಭಾರ ಆಮ್ಲಜನಕವು ಸೇರಿರಲಿಲ್ಲ. ಎಂದರೆ, ಮುರಿದದ್ದು ಕಾರ್ಬೊನಿಲ್ ಇಂಗಾಲದ ಕಡೆಯ ಬಂಧ. 1951ರಲ್ಲಿ ಬೆಂಡರ್ ಅವರು ಕಾರ್ಬೊನಿಲ್ಲಿನಲ್ಲಿ ಇದೇ ಸಮಸ್ಥಾನಿಯ ಗುರುತುಳ್ಳ ಈಥೈಲ್ ಬೆಂಜೊಯೇಟನ್ನು ಬಳಸಿ, ಕ್ರಿಯೆಗೊಳಗಾಗದೆ ಉಳಿದ ಎಸ್ಟರು ಸಹ ಗುರುತನ್ನು ಭಾಗಶಃ ಕಳೆದುಕೊಳ್ಳುವುದೆಂದು ತೋರಿಸಿದರು. ಕಾರಕವು ಮೊದಲು ಕಾರ್ಬೊನಿಲ್ ಇಂಗಾಲಕ್ಕೆ ಕೂಡಿ ಚತುಷ್ಫಲಕೀಯ ಮಧ್ಯವರ್ತಿಯೊಂದನ್ನು ರಚಿಸುವುದೆಂಬುದಕ್ಕೆ ಇದು ಬಲವಾದ ಸಾಕ್ಷ್ಯವಾಯಿತು.

ಬಳಿಕ ಆಲ್ಕಾಕ್ಸಿ ಗುಂಪು ಹೊರಬೀಳುವುದು. ಮುಂದಿನ ಗತಿಯು ಹುಟ್ಟಿದ ವಸ್ತುವಿನ ಸ್ವಭಾವವನ್ನು ಅವಲಂಬಿಸಿದೆ. ಕ್ಷಾರದಿಂದ ಕಾರ್ಬಾಕ್ಸಿಲೇಟ್ ಅಯಾನು ಬರುವುದು. ಋಣಾವೇಶವುಳ್ಳ ಅದು ಹಿಂದಿರುಗಿ ಎಸ್ಟರಾಗದು. ಆದುದರಿಂದಲೇ ಸಾಬೂನೀಕರಣವು ಪೂರ್ಣಗೊಳ್ಳುವುದು. ಅಮೋನಿಯದಿಂದ ದೊರೆಯುವ ಅಮೈಡು ಎಸ್ಟರಿಗಿಂತ ಮಂದವಾದುದರಿಂದ ಕ್ರಿಯೆಯು ಅಲ್ಲಿಗೇ ನಿಲ್ಲುವುದು. ಗ್ರಿಗ್ನಾರ್ಡ್ ಕಾರಕದಿಂದ ಮೊದಲು ಹುಟ್ಟುವ ಕೀಟೋನಾದರೋ ಎಸ್ಟರಿಗಿಂತ ಚುರುಕಾದುದು. ಕಾರಕದ ಎರಡನೆಯ ಅಣುವು ಅದನ್ನೇ ಹಿಡಿಯುವುದು. ಮೀಥೈಲ್ ಬೆಂಜೊಯೇಟು ಫೀನೈಲ್ ಮೆಗ್ನೀಸಿಯಮ್ ಬ್ರೋಮೈಡಿನೊಡನೆ ಟ್ರೈಫೀನೈಲ್ ಮೆಥನಾಲಾಗುವುದು ಹೀಗೆಯೇ. ಲಿಥಿಯಮ್ ಅಲ್ಯೂಮಿನಿಯಮ್ ಹೈಡ್ರೈಡಿನೊಡನೆಯೂ ಆಲ್ಡಿಹೈಡಿನ ಘಟ್ಟವು ದಾಟಿಹೋಗಿ ಪ್ರಾಥಮಿಕ ಆಲ್ಕೊಹಾಲು ಲಭಿಸುವುದು. ಆಲ್ಡಿಹೈಡೇ ಬೇಕೆಂದಾದರೆ ಡೈಐಸೊಬ್ಯುಟೈಲ್ ಅಲ್ಯೂಮಿನಿಯಮ್ ಹೈಡ್ರೈಡನ್ನು ಒಂದೇ ಸಮಾಂಶದಷ್ಟು, ಸುಮಾರು -78° ಸೆಂ. ಉಷ್ಣತೆಯಲ್ಲಿ ಬಳಸಬೇಕು, ಆ ಶೈತ್ಯದಲ್ಲಿ ಮಧ್ಯವರ್ತಿಯು ಒಡೆಯದೆ ಉಳಿದು, ನೀರು ತಗಲಿದ ಮೇಲೆಯೇ ಆಲ್ಡಿಹೈಡನ್ನು ಬಿಟ್ಟುಕೊಡುವುದು.

ಈ ಸೂತ್ರಕ್ಕೂ ಅಪವಾದವುಂಟು. ತೃತೀಯಕ ಬ್ಯುಟೈಲ್ ಎಸ್ಟರುಗಳು ಪ್ರಬಲಾಮ್ಲದಲ್ಲಿ ಆಲ್ಕೈಲ್ ಕಡೆಯ ಬಂಧವನ್ನೇ ಮುರಿದುಕೊಳ್ಳುವುವು. ಅಲ್ಲಿ ಹುಟ್ಟುವ ಕಾರ್ಬೊಕ್ಯಾಟಯಾನು ಸಾಕಷ್ಟು ಸ್ಥಿರವಾದುದೇ ಇದಕ್ಕೆ ಕಾರಣ. ಪೆಪ್ಟೈಡುಗಳ ಸಂಶ್ಲೇಷಣೆಯಲ್ಲಿ ಈ ಗುಣವು ಬಹಳ ಉಪಯುಕ್ತವಾಗಿದೆ.

ಆದಕಾರಣ ಯಾವ ಕ್ರಿಯೆಯನ್ನು ಬೋಧಿಸುವಾಗಲೂ ಎರಡು ಪ್ರಶ್ನೆಗಳನ್ನು ಕೇಳುವುದು ಲೇಸು: ಮುರಿದ ಬಂಧವು ಯಾವುದು? ಹುಟ್ಟಿದ ವಸ್ತುವು ಎಸ್ಟರಿಗಿಂತ ಚುರುಕೋ, ಮಂದವೋ? ಇವೆರಡಕ್ಕೂ ಉತ್ತರ ಹೇಳಬಲ್ಲ ವಿದ್ಯಾರ್ಥಿಗೆ ಪಟ್ಟಿಯ ಹಂಗು ಬಹುಮಟ್ಟಿಗೆ ತಪ್ಪುವುದು.